ಮಳೆ ಕಂಪೈಲ್ ಆಗೋ ಹೊತ್ತಿಗೆ

ಕಂಪೈಲ್ ಲಾಗ್‌ನ ಕೊನೇ ಸಾಲನ್ನ ಓದಿ ಉಪಯೋಗವಿಲ್ಲ. ಅದು ಹೇಳೋದು ಇಷ್ಟೇ: ಕಟ್ಟೋ ಕೆಲಸದಲ್ಲಿ ತೊಂದರೆಯಾಗಿದೆ, ಲಾಗ್ ನೋಡ್ಕೊಳ್ಳಿ. ಅದರ ಮೇಲಿನ ನೂರಾರು ಸಾಲೂ ಹಾಗೇ. ಈ ಫೈಲ್ ಸಿಗ್ತಿಲ್ಲ, ಆ ಮಾಡ್ಯೂಲ್ ತೆರೆಯೋಕಾಗ್ತಿಲ್ಲ ಅಂತ ಒಂದೇ ಸಮನೆ ಗೋಳು. ಸಾವಿನ ಮನೆಗೆ ತಡವಾಗಿ ಬಂದ ನೆಂಟರ ಥರ. ಅಳೋದರಲ್ಲಿ ಮುಂದು, ಏನಾಯ್ತು ಅಂತ ಕೇಳಿದ್ರೆ ಗೊತ್ತಿರಲ್ಲ. ಗೊತ್ತಿರೋ ಸಾಲು ಎಲ್ಲೋ ಮೇಲೆ, ಒಂದೇ ಒಂದು, ಸದ್ದಿಲ್ಲದೆ ಕೂತಿರುತ್ತೆ.

ಹೋದ ವರ್ಷ ಮೂರು ವೀಕೆಂಡ್ ಅಂಥ ಸಾಲುಗಳನ್ನ ಹುಡುಕ್ತಾ ಕಳೆದೆ. ಆಫೀಸ್ ಕೆಲಸಕ್ಕಲ್ಲ. ಆಫೀಸಲ್ಲಿ ನಮಗೆ ಇದು ಬೇಕಾಗೋದೇ ಇಲ್ಲ. ಕಂಟೇನರ್ ಎಳ್ಕೊ, ಓಡಿಸು, ಕೆಟ್ರೆ ಬಿಸಾಕಿ ಇನ್ನೊಂದು ಎಳ್ಕೊ. ಇಡ್ಲಿ ಹಿಟ್ಟು ಪ್ಯಾಕೆಟ್‌ನಲ್ಲಿ ಸಿಗುವಾಗ ಒರಳು ಯಾರಿಗೆ ಬೇಕು ಹೇಳಿ. ಆದ್ರೆ ವಿಜ್ಞಾನದ ಸಾಫ್ಟ್‌ವೇರ್‌ಗಳ ಲೋಕದಲ್ಲಿ ಒರಳು ಇನ್ನೂ ಅಡುಗೆಮನೆಯಲ್ಲೇ ಇದೆ. ಸೋರ್ಸ್ ಕೋಡ್ ಕೊಡ್ತಾರೆ, ರುಬ್ಕೊಳ್ಳೋದು ನಿಮ್ಮ ಪಾಡು.

ರುಬ್ಬಬೇಕಿದ್ದಿದ್ದು ಅಕ್ಕನ ಮಗಳು. ಎಂಎಸ್ಸಿ ಫಿಸಿಕ್ಸ್ ಕೊನೇ ಸೆಮಿಸ್ಟರ್, ಪ್ರಾಜೆಕ್ಟ್ ಒಪ್ಪಿಸೋಕೆ ಐದು ವಾರ ಉಳಿದಿತ್ತು. ವಿಷಯ: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸುರಿದ ಮಳೆಯನ್ನ ಕಂಪ್ಯೂಟರ್ ಮಾದರಿಯಲ್ಲಿ ಮತ್ತೆ ಸುರಿಸಿ ನೋಡೋದು. ಮಾದರಿಯ ಹೆಸರು ಡಬ್ಲ್ಯುಆರ್‌ಎಫ್, ಬಳಸೋರು ಬಾಯಲ್ಲಿ 'ವರ್ಫ್' ಅಂತಾರೆ. ಅಮೆರಿಕದ ಕೊಲರಾಡೊದಲ್ಲಿರೋ ಎನ್‌ಸಿಎಆರ್ ಅನ್ನೋ ವಾತಾವರಣ ಸಂಶೋಧನಾ ಕೇಂದ್ರ ಅದನ್ನ ನೋಡ್ಕೊಳ್ಳುತ್ತೆ. ಲಕ್ಷಗಟ್ಟಲೆ ಸಾಲಿನ ಫೋರ್ಟ್ರಾನ್ ಕೋಡ್, ಪುಕ್ಕಟೆ, ಯಾರು ಬೇಕಾದ್ರೂ ಇಳಿಸ್ಕೊಬಹುದು. ದೊಡ್ಡ ದೊಡ್ಡ ಹವಾಮಾನ ಸಂಸ್ಥೆಗಳು ಬಳಸೋ ಅದೇ ಕೋಡನ್ನ ಒಬ್ಬ ವಿದ್ಯಾರ್ಥಿನಿ ತನ್ನ ಲ್ಯಾಪ್‌ಟಾಪಲ್ಲಿ ಓಡಿಸಬಹುದು. ಕಂಪೈಲ್ ಆದ್ರೆ.

ವಿಭಾಗದ ಸರ್ವರ್ ಕೆಟ್ಟು ಮಲಗಿ ತಿಂಗಳಾಗಿತ್ತಂತೆ. ಉಳಿದಿದ್ದು ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡ ಲ್ಯಾಪ್‌ಟಾಪ್: ನಾಲ್ಕು ಕೋರ್, ಎಂಟು ಜಿಬಿ ರ್‍ಯಾಮ್, ಉಬುಂಟು 24.04. 'ಮಾಮ, ಒಂದೆರಡು ದಿನ ನಿಮ್ಮನೇಲಿ ಕೂತು ಮಾಡ್ಲಾ? ಇಲ್ಲಿ ಹಾಸ್ಟೆಲಲ್ಲಿ ನೆಟ್ಟೂ ಇಲ್ಲ, ಕರೆಂಟೂ ಇಲ್ಲ' ಅಂತ ಫೋನ್ ಮಾಡಿದ್ಲು. ಬಾ ಅಂದೆ. ಒಂದೇ ಕರಾರು: ಕೀಬೋರ್ಡ್ ನಾನು ಮುಟ್ಟಲ್ಲ. ವೈವಾದಲ್ಲಿ ಕೂರೋಳು ಅವಳು.

ಇಷ್ಟು ಓದೋ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ 'ಡಾಕರ್ ಇಮೇಜ್ ಸಿಗುತ್ತಲ್ಲ ಗುರು' ಅಂತಿರ್ತೀರಿ. ನಾನೂ ಅದನ್ನೇ ಕೇಳಿದೆ. ಅವಳ ಉತ್ತರ ಕೇಳಿದ ಮೇಲೆ ಬಾಯ್ಮುಚ್ಚಿದೆ.

ಮೋಡದೊಳಗೆ ಹನಿ ಹೇಗೆ ಹುಟ್ಟುತ್ತೆ, ಹೇಗೆ ದಪ್ಪವಾಗುತ್ತೆ ಅನ್ನೋದನ್ನ ಲೆಕ್ಕ ಹಾಕೋ ಭಾಗಗಳು ಆ ಮಾದರಿಯಲ್ಲಿ ಹಲವಾರಿವೆ. ಅವಳು ಬಳಸೋದು ಥಾಂಪ್ಸನ್ ಅನ್ನೋರ ಹೆಸರಿನ ಸ್ಕೀಮು. ಅದರ ಫೈಲಿನೊಳಗೆ ಒಂದು ಸಂಖ್ಯೆ ಇದೆ, ಒಂದು ಘನ ಸೆಂಟಿಮೀಟರ್ ಮೋಡದಲ್ಲಿ ಎಷ್ಟು ಸಣ್ಣ ಹನಿಗಳಿವೆ ಅಂತ. ಕೋಡ್ ಬರೆದೋರು ಪಕ್ಕದಲ್ಲೇ ಟಿಪ್ಪಣಿ ಹಾಕಿದಾರೆ: ಸಮುದ್ರದ ಮೇಲಿನ ಗಾಳಿಯಾದ್ರೆ ಸುಮಾರು 100, ನೆಲದ ಮೇಲಿನದಾದ್ರೆ 300. ಸಮುದ್ರದ ಗಾಳೀಲಿ ಧೂಳು ಕಮ್ಮಿ, ಹಾಗಾಗಿ ಹನಿಗಳು ಕಮ್ಮಿ, ಆದ್ರೆ ಒಂದೊಂದೂ ದಪ್ಪ, ಬೇಗ ಮಳೆಯಾಗುತ್ತೆ. ನೆಲದ ಗಾಳೀಲಿ ಹನಿಗಳು ಜಾಸ್ತಿ, ಸಣ್ಣವು, ಕೂಡ್ಕೊಂಡು ಬೀಳೋಕೆ ಹೊತ್ತು ಹಿಡಿಯುತ್ತೆ. ಅಷ್ಟರಲ್ಲಿ ಗಾಳಿ ಮೋಡವನ್ನ ಇನ್ನೊಂದಿಷ್ಟು ಮುಂದೆ ತಳ್ಳಿರುತ್ತೆ. ಸರಿ, ಹಾಗಾದ್ರೆ ಆಗಸ್ಟ್‌ನಲ್ಲಿ ಅರಬ್ಬಿ ಸಮುದ್ರದಿಂದ ಬಂದು ಘಟ್ಟ ಹತ್ತೋ ಗಾಳಿ ಯಾವುದು? ಸಮುದ್ರದ್ದಾ, ನೆಲದ್ದಾ? ಅವಳ ಪ್ರಾಜೆಕ್ಟಿನ ಪ್ರಶ್ನೆಯೇ ಅದು. ಅವಳ ಗೈಡ್ ಹೇಳಿದ ಆವೃತ್ತಿಯಲ್ಲಿ ಆ ಸಂಖ್ಯೆ ಸೆಟ್ಟಿಂಗ್ಸ್ ಫೈಲಲ್ಲಿ ಇಲ್ಲ, ಕೋಡಿನೊಳಗೇ ಇದೆ. ಬದಲಾಯಿಸಬೇಕಾದ್ರೆ ಮತ್ತೆ ಕಂಪೈಲ್ ಮಾಡ್ಲೇಬೇಕು. ಪ್ಯಾಕೆಟ್ ಹಿಟ್ಟಲ್ಲಿ ಉದ್ದು ಜಾಸ್ತಿ ಹಾಕೋಕಾಗಲ್ಲ.

ಸೀನಿಯರ್ ಒಬ್ಬರಿಂದ ಬಂದ ನೋಟ್ಸ್ ಅವಳ ಹತ್ತಿರ ಇತ್ತು. 2019ರದ್ದು. ಉಬುಂಟು 18.04ರಲ್ಲಿ ಮಾಡಿದ್ದು, ಪ್ರತಿ ಹೆಜ್ಜೆ ಬರೆದಿಟ್ಟಿದ್ದ ಪುಣ್ಯಾತ್ಮ. ಮೊದಲು ಎಂಪಿಐಸಿಎಚ್, ಅಂದ್ರೆ ನಾಲ್ಕು ಕೋರ್‌ಗಳು ಕೆಲಸ ಹಂಚ್ಕೊಂಡು ಮಾತಾಡೋಕೆ. ಆಮೇಲೆ ಜಡ್‌ಲಿಬ್, ಲಿಬ್‌ಪಿಎನ್‌ಜಿ, ಜ್ಯಾಸ್ಪರ್. ಆಮೇಲೆ ಎಚ್‌ಡಿಎಫ್5, ಅದರ ಮೇಲೆ ನೆಟ್‌ಸಿಡಿಎಫ್‌ನ ಸಿ ಆವೃತ್ತಿ, ಅದರ ಮೇಲೆ ಫೋರ್ಟ್ರಾನ್ ಆವೃತ್ತಿ. ಇಷ್ಟೆಲ್ಲ ಆದ ಮೇಲೆ ವರ್ಫ್, ಅದಾದ ಮೇಲೇ ಡಬ್ಲ್ಯುಪಿಎಸ್, ಅಂದ್ರೆ ಭೂಪಟವನ್ನೂ ಆರಂಭದ ಹವಾಮಾನವನ್ನೂ ಸಿದ್ಧ ಮಾಡಿಕೊಡೋ ಪ್ರೋಗ್ರಾಂಗಳು. ಈ ಕ್ರಮ ತಪ್ಪೋ ಹಾಗಿಲ್ಲ. 'ಅಜ್ಜಿ ವ್ರತದ ಥರ ಇದು ಮಾಮ, ಮಧ್ಯೆ ಒಂದು ಬಿಟ್ರೆ ಮತ್ತೆ ಸಂಕಲ್ಪದಿಂದ' ಅಂದ್ಲು.

ಮೊದಲ ಅಡ್ಡಿ ಎಂಪಿಐಸಿಎಚ್‌ನಲ್ಲೇ. ನೋಟ್ಸ್‌ನಲ್ಲಿದ್ದಿದ್ದು 3.0.4, ಹಳೇದು. ಕಾನ್ಫಿಗರ್ ಹಂತದಲ್ಲೇ ನಿಂತು, ಬೇರೆ ಬೇರೆ ಬಗೆಯ ಆರ್ಗ್ಯುಮೆಂಟ್ ಕೊಟ್ಟು ಒಂದೇ ರೂಟೀನ್ ಕರೆಯೋ ಫೈಲುಗಳನ್ನ ನಿಮ್ಮ ಫೋರ್ಟ್ರಾನ್ ಕಂಪೈಲರ್ ಒಪ್ತಿಲ್ಲ ಅಂತು. ಇದು ಸ್ವಲ್ಪ ಸ್ವಾರಸ್ಯದ ಕತೆ. ಹಳೇ ಫೋರ್ಟ್ರಾನ್‌ನಲ್ಲಿ ಒಂದು ಕಡೆ ಪೂರ್ಣಾಂಕಗಳ ಪಟ್ಟಿ ಕೊಟ್ಟು, ಇನ್ನೊಂದು ಕಡೆ ದಶಮಾಂಶಗಳ ಪಟ್ಟಿ ಕೊಟ್ಟು ಅದೇ ರೂಟೀನ್ ಕರೆಯೋದು ಮಾಮೂಲಾಗಿತ್ತು. ನಿಯಮದ ಪ್ರಕಾರ ಆವಾಗಲೂ ತಪ್ಪೇ. ಆದ್ರೆ ಕಂಪೈಲರ್ ಕಂಡೂ ಕಾಣದ ಹಾಗೆ ಇರ್ತಿತ್ತು. 2020ರಲ್ಲಿ ಬಂದ ಜಿಫೋರ್ಟ್ರಾನ್ 10 ಇದನ್ನ ಎರರ್ ಅಂತ ಮಾಡ್ತು. ಉಬುಂಟು 24.04ರಲ್ಲಿರೋದು 13. ಊರಿನ ಅಂಗಡಿ ನೆನೆಸ್ಕೊಳ್ಳಿ. ಅಪ್ಪ ಗಲ್ಲಾದಲ್ಲಿ ಕೂತಿರೋವಾಗ 'ಬರ್ಕೊಳ್ಳಿ ಶೆಟ್ರೇ' ಅಂದ್ರೆ ಆಗ್ತಿತ್ತು. ಮಗ ಬಿಕಾಂ ಮಾಡಿ ಬಂದು ಕೂತ ಮೇಲೆ ಚೀಟಿ ಇಲ್ದೆ ಸಾಮಾನು ಇಲ್ಲ. ಸಾಮಾನೂ ಅದೇ, ಗಿರಾಕಿಯೂ ಅದೇ.

ಪರಿಹಾರ ಒಂದು ಫ್ಲ್ಯಾಗ್: 'ಅಲೋ ಆರ್ಗ್ಯುಮೆಂಟ್ ಮಿಸ್‌ಮ್ಯಾಚ್'. ಅದನ್ನ ಫೋರ್ಟ್ರಾನ್ ಫ್ಲ್ಯಾಗ್‌ಗಳ ಜೊತೆ ಎಕ್ಸ್‌ಪೋರ್ಟ್ ಮಾಡಿದ್ರೆ ಮಗನೂ ಅಪ್ಪನ ಹಾಗೆ ಸುಮ್ಮನಾಗ್ತಾನೆ. ನೆಟ್‌ಸಿಡಿಎಫ್ ಫೋರ್ಟ್ರಾನ್‌ಗೂ ಅದೇ ಬೇಕಾಯ್ತು. ಈ ಫ್ಲ್ಯಾಗ್ ನೆಟ್‌ನಲ್ಲಿ ಹುಡುಕಿದ್ರೆ ಐದು ನಿಮಿಷಕ್ಕೆ ಸಿಗುತ್ತೆ, ನಿಜ. ಆದ್ರೆ ಯಾಕೆ ಹಾಕಿದ್ದು ಅಂತ ತಿಳ್ಕೊಳ್ಳದೆ ಹಾಕೋದು ನನಗೆ ಇಷ್ಟವಿಲ್ಲ. ಅವಳಿಗೂ ಇಷ್ಟವಿರಲಿಲ್ಲ ಅನ್ನೋದು ಆವತ್ತು ಗೊತ್ತಾಯ್ತು. ತನ್ನ ನೋಟ್‌ಬುಕ್ಕಲ್ಲಿ ಫ್ಲ್ಯಾಗಿನ ಕೆಳಗೆ ನಾಲ್ಕು ಸಾಲು ಕಾರಣ ಬರ್ಕೊಂಡ್ಲು.

ಲೈಬ್ರರಿಗಳು ಆ ಶನಿವಾರವೇ ಮುಗಿದ್ವು. ವರ್ಫ್‌ನ ಫೋಲ್ಡರಿಗೆ ಹೋಗಿ ಕಾನ್ಫಿಗರ್ ಒತ್ತಿದ್ರೆ ಉದ್ದನೆ ಪಟ್ಟಿ ಕೊಡುತ್ತೆ, ಅದರಲ್ಲಿ 34 ಆರಿಸ್ಬೇಕು, ಅಂದ್ರೆ ಗ್ನೂ ಕಂಪೈಲರ್, ಎಂಪಿಐ ಜೊತೆ. ಆಮೇಲೆ ಕಂಪೈಲ್ ಅಂತ ಹೊಡೆದ್ರೆ: ಬೇಕಾದ ಫೈಲ್ ಸಿಗ್ತಿಲ್ಲ, ಓಡಿಸೋಕಾಗಲ್ಲ. ಫೈಲ್ ಕಣ್ಣೆದುರೇ ಇದೆ! ಯಾವ ಫೈಲ್ ಅಂತ ಹೇಳೋ ಸೌಜನ್ಯ ಇಲ್ಲ. ಆ ಸ್ಕ್ರಿಪ್ಟನ್ನ ತೆರೆದು ಮೊದಲ ಸಾಲು ನೋಡು ಅಂದೆ. ಅದು ಸಿ-ಶೆಲ್‌ನಲ್ಲಿ ಬರೆದಿದ್ದು. 1970ರ ದಶಕದ ಶೆಲ್ಲು, ಈಗಿನ ಉಬುಂಟು ಜೊತೆ ಬರಲ್ಲ. ಹಾಕ್ಕೊಂಡ ಮೇಲೆ ಹೊರಟಿತು. ಇಂಥವು ಇನ್ನೂ ಮೂರ್ನಾಲ್ಕು ಇದ್ವು, ಅವೆಲ್ಲ ಬಿಡಿ.

ಹೊರಟಿದ್ದು ಮುಕ್ಕಾಲು ಗಂಟೆ ಓಡಿ, ಮೊದಲೇ ಹೇಳಿದೆನಲ್ಲ, ಆ ಕೊನೇ ಸಾಲಿಗೆ ಬಂದು ನಿಂತಿತು.

ಇಲ್ಲಿ ವರ್ಫ್‌ನ ಒಂದು ಗುಣ ಹೇಳ್ಬೇಕು. ಸಾಮಾನ್ಯವಾಗಿ ಮೇಕ್ ಅನ್ನೋ ಪ್ರೋಗ್ರಾಂ ಮೊದಲ ಎರರ್ ಬಂದ ತಕ್ಷಣ ನಿಲ್ಲುತ್ತೆ. ವರ್ಫ್‌ನಲ್ಲಿ ಎರರ್ ಬಂದ್ರೂ ಲೆಕ್ಕಿಸ್ಬೇಡ ಅಂತ ಹೇಳಿ ಅದನ್ನ ಓಡಿಸ್ತಾರೆ. ಹಾಗಾಗಿ ಒಂದು ಫೈಲ್ ಬಿದ್ರೂ ಮುಂದೆ ಹೋಗ್ತಾನೇ ಇರುತ್ತೆ. ಬಿದ್ದ ಫೈಲನ್ನ ನಂಬ್ಕೊಂಡ ಹತ್ತು ಫೈಲ್ ಬೀಳುತ್ವೆ, ಆ ಹತ್ತನ್ನ ನಂಬ್ಕೊಂಡ ಐವತ್ತು. ಲಾಗ್ ತುಂಬ ಬರೀ ಎರರ್. ಅವಳು ಕೊನೆಯಿಂದ ಓದೋಕೆ ಶುರು ಮಾಡಿದ್ಲು, ಎಲ್ರೂ ಮಾಡೋದೇ ಹಾಗೆ, ಟರ್ಮಿನಲ್ಲಲ್ಲಿ ಕಾಣೋದು ಕೊನೇದೇ ತಾನೆ. ಹೆಸರುಗಳನ್ನ ಒಂದೊಂದಾಗಿ ನೆಟ್‌ನಲ್ಲಿ ಹುಡುಕ್ತಾ ಅರ್ಧ ಗಂಟೆ ಹೋಯ್ತು, ಮುಖ ಸಣ್ಣದಾಯ್ತು.

'ಪುಟ್ಟಿ, ಕೆಳಗಿಂದು ಬಿಡು. ಎರರ್ ಅನ್ನೋ ಪದ ಮೊದಲ ಸಲ ಎಲ್ಲಿ ಬಂದಿದೆ ಅಂತ ಮಾತ್ರ ಹುಡುಕು. ಅದರ ಮೇಲಿನ ಹತ್ತು ಸಾಲೂ ಸೇರಿಸಿ ಓದು.'

ಗ್ರೆಪ್ ಮಾಡಿದ್ಲು. ಮೊದಲನೇದು ಒಂದೇ ಸಾಲು: ಎಫ್951 ಅನ್ನೋ ಪ್ರೋಗ್ರಾಂ ಅನ್ನ ಕೊಲ್ಲಲಾಗಿದೆ. ಎಫ್951 ಅಂದ್ರೆ ಜಿಫೋರ್ಟ್ರಾನ್ ಒಳಗಿರೋ ಅಸಲಿ ಕಂಪೈಲರ್. ಅದು ತಾನಾಗಿ ಬಿದ್ದಿದ್ದಲ್ಲ, ಯಾರೋ ಹೊರಗಿಂದ ಹೊಡೆದಿದ್ದು. ಯಾರು? ಅದು ಲಾಗಲ್ಲಿ ಇರಲ್ಲ, ಕರ್ನಲ್‌ನ ಸಂದೇಶಗಳಲ್ಲಿ ನೋಡ್ಬೇಕು. ಡಿಮೆಸ್ಗ್ ಕಮಾಂಡ್ ಹೊಡೆದ್ರೆ ಅಲ್ಲಿತ್ತು: ಮೆಮೊರಿ ಮುಗಿಯಿತು, ಈ ಪ್ರೋಗ್ರಾಂ ಕೊಂದೆ. ವರ್ಫ್‌ನ ಕೆಲವು ಫೈಲ್‌ಗಳು ರಾಕ್ಷಸ ಗಾತ್ರದವು, ಕಂಪೈಲರ್ ಅವನ್ನ ಪೂರ್ತಿ ತಲೇಲಿ ಇಟ್ಕೊಂಡು ಕೆಲಸ ಮಾಡ್ಬೇಕು. ನೋಟ್ಸ್‌ನಲ್ಲಿ ನಾಲ್ಕು ಕೆಲಸ ಒಟ್ಟಿಗೆ ಓಡಿಸಿ ಅಂತಿತ್ತು. ಅದು ಬರೆದಿದ್ದು ವಿಭಾಗದ ಸರ್ವರ್ ಮುಂದೆ ಕೂತು. ಇಲ್ಲಿ ಎಂಟು ಜಿಬಿ, ಪಕ್ಕದಲ್ಲಿ ಕ್ರೋಮ್‌ನ ಇಪ್ಪತ್ತು ಟ್ಯಾಬ್.

ಕೋಡಲ್ಲಿ ತಪ್ಪಿಲ್ಲ, ಲೈಬ್ರರೀಲಿ ತಪ್ಪಿಲ್ಲ. ಜಾಗ ಸಾಲಲಿಲ್ಲ, ಅಷ್ಟೇ. ಕ್ರೋಮ್ ಮುಚ್ಚಿ, ಎಂಟು ಜಿಬಿಯ ಸ್ವಾಪ್ ಫೈಲ್ ಮಾಡ್ಕೊಂಡು, ಕ್ಲೀನ್ ಮಾಡಿ, ಒಂದೊಂದೇ ಕೆಲಸ ಓಡ್ಲಿ ಅಂತ ಹೇಳಿ ಮತ್ತೆ ಹಚ್ಚಿದ್ಲು. ಈ ಸಲ ಒಂದೂಮುಕ್ಕಾಲು ಗಂಟೆ ಹಿಡೀತು.

ಆ ಒಂದೂಮುಕ್ಕಾಲು ಗಂಟೆ ಇಬ್ರೂ ಬಾಲ್ಕನೀಲಿ ಕಾಫಿ ಹಿಡ್ಕೊಂಡು ಕೂತಿದ್ವಿ. 2018ರಲ್ಲಿ ಅವಳು ಫಸ್ಟ್ ಪಿಯುಸಿ. ಅಕ್ಕನ ಮನೆ ಇರೋದು ಸೋಮವಾರಪೇಟೆ ತಾಲ್ಲೂಕು, ಮಾದಾಪುರದ ಕಡೆ. ಆಗಸ್ಟ್ ನಡುವಿನ ಆ ಎರಡು ಮೂರು ದಿನ ಏನಾಯ್ತು ಅಂತ ಅಕ್ಕ ಹೇಳಿದ್ದು ಕೇಳಿದ್ದೆ, ಭಾವ ಹೇಳಿದ್ದು ಕೇಳಿದ್ದೆ. ಇವಳು ಹೇಳಿದ್ದು ಅದೇ ಮೊದಲು.

'ಸದ್ದು ಮರ ಬೀಳೋ ಥರ ಇರ್ಲಿಲ್ಲ ಮಾಮ. ಲಾರಿಯಿಂದ ಜಲ್ಲಿ ಸುರೀತಾರಲ್ಲ, ಹಾಗೆ. ನಿಲ್ಲಲೇ ಇಲ್ಲ ಅದು.' ಬೆಳಿಗ್ಗೆ ನೋಡಿದ್ರೆ ಮನೆ ಹಿಂದಿನ ಒಂದೂವರೆ ಎಕರೆ ಕಾಫಿ, ಅದರೊಳಗಿನ ಮೆಣಸಿನ ಬಳ್ಳಿ, ಸಿಲ್ವರ್ ಮರ, ಎಲ್ಲ ಹೊಳೆಯಲ್ಲಿ. ಮನೆ ಉಳೀತು. ಎಂಟು ದಿನ ಶಾಲೆಯಲ್ಲಿ ತೆರೆದ ಪರಿಹಾರ ಕೇಂದ್ರದಲ್ಲಿದ್ರು. 'ಬಂದೋರೆಲ್ಲ ಅಪ್ಪನ ಹತ್ರ ಎಷ್ಟು ಎಕರೆ ಹೋಯ್ತು ಅಂತ ಕೇಳಿದ್ರು. ಎಷ್ಟು ಮಳೆ ಬಂತು ಅಂತ ಒಬ್ರೂ ಕೇಳ್ಲಿಲ್ಲ. ಅಪ್ಪ ಅಳತೆ ಮಾಡಿಟ್ಟಿದ್ರು.'

ಇದು ಕೊಡಗಿನ ತೋಟದವರಿಗೆ ಗೊತ್ತಿರೋ ವಿಷಯ. ಮಳೆ ಅಳೆಯೋ ಕೊಳವೆ ಎಷ್ಟೋ ಮನೆಗಳ ಅಂಗಳದಲ್ಲಿರುತ್ತೆ, ಬೆಳಿಗ್ಗೆ ಎದ್ದು ನೋಡಿ ಡೈರಿಯಲ್ಲಿ ಬರೆದಿಡ್ತಾರೆ. ಮಿಲಿಮೀಟರಲ್ಲಿ ಅಲ್ಲ, ಇಂಚು ಮತ್ತು ಸೆಂಟಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮದುವೇಲಿ ಸಿಕ್ಕಿದ್ರೂ 'ನಿಮ್ಮಲ್ಲಿ ಎಷ್ಟಾಯ್ತು?' ಅಂದ್ರೆ ಮಳೆಯ ಬಗ್ಗೆಯೇ ಕೇಳ್ತಿರೋದು.

'ಆ ಮಳೆ ಮೊದಲೇ ಗೊತ್ತಾಗೋ ಥರದ್ದಾಗಿತ್ತಾ ಇಲ್ವಾ, ನಂಗೆ ಅದು ಬೇಕು' ಅಂದ್ಲು. ಆಮೇಲೆ ತಾನೇ ತಿದ್ದಿದ್ಲು. ಅವಳು ಮಾಡ್ತಿರೋದು ಮುನ್ಸೂಚನೆ ಅಲ್ಲ. ಯುರೋಪಿನ ಇಆರ್‌ಎ5 ದತ್ತಾಂಶ ತಗೊಳ್ತಾಳೆ. ಅದು 1940ರಿಂದ ಈಚೆಗಿನ ಹವಾಮಾನವನ್ನ ಗಂಟೆ ಗಂಟೆಗೂ, ಸುಮಾರು 31 ಕಿಲೋಮೀಟರಿಗೆ ಒಂದು ಚೌಕದಂತೆ ಮತ್ತೆ ಕಟ್ಟಿಕೊಡುತ್ತೆ. ಅದರ ಅಂಚುಗಳಿಗೆ ಆ ದಿನ ನಿಜವಾಗಿ ಏನಾಯ್ತು ಅನ್ನೋದು ಗೊತ್ತು. ಹಾಗಾಗಿ ಪ್ರಶ್ನೆ ಚಿಕ್ಕದು: ಅಷ್ಟೆಲ್ಲ ಗೊತ್ತಿದ್ರೂ ಮಾದರಿ ಘಟ್ಟದ ಮೇಲೆ ಆ ಮಳೆಯನ್ನ ಸರಿಯಾದ ಜಾಗದಲ್ಲಿ ಸುರಿಸುತ್ತಾ? ನನಗೆ ಈ ತಿದ್ದುಪಡಿ ಇಷ್ಟವಾಯ್ತು. ಆ ಎರಡು ಪ್ರಶ್ನೆಗಳ ನಡುವಿನ ಅಂತರ ಗೊತ್ತಿಲ್ಲದ ದೊಡ್ಡ ದೊಡ್ಡೋರನ್ನ ಮೀಟಿಂಗ್‌ಗಳಲ್ಲಿ ನೋಡಿದೀನಿ.

ಒಳಗಿಂದ ಫ್ಯಾನಿನ ಸದ್ದು ನಿಂತಿತು. ಹೋಗಿ ನೋಡಿದ್ರೆ ಎಕ್ಸಿಕ್ಯೂಟಬಲ್‌ಗಳು ಯಶಸ್ವಿಯಾಗಿ ತಯಾರಾಗಿವೆ ಅಂತ ಬಾಣದ ಗುರುತು ಹಾಕಿ ಬರೆದಿತ್ತು. ನಾಲ್ಕು ಫೈಲ್: ವರ್ಫ್, ರಿಯಲ್, ಎನ್‌ಡೌನ್, ಟಿಸಿ. ಡಬ್ಲ್ಯುಪಿಎಸ್ ಬೇಗ ಮುಗೀತು. ಅದಕ್ಕೆ ಬೇಕಾದ ಜ್ಯಾಸ್ಪರ್ ಲೈಬ್ರರಿ ಈಗಿನ ಉಬುಂಟುವಿನ ಭಂಡಾರದಲ್ಲಿ ಇಲ್ಲ, ನಾವೇ ಮೊದಲೇ ಕಟ್ಟಿಟ್ಟಿದ್ದು ಉಪಯೋಗಕ್ಕೆ ಬಂತು. ರಾತ್ರಿ ಹನ್ನೊಂದಕ್ಕೆ ಮೊದಲ ಪ್ರೋಗ್ರಾಂ ಜಿಯೋಗ್ರಿಡ್ ಓಡಿಸಿದ್ಲು. ಅದು ದೊಡ್ಡ ಎಚ್ಚರಿಕೆಯೊಂದನ್ನ ಕಾರಿ, ಕೊನೆಗೆ ಒಂದೇ ಒಂದು ಪದ ಬರೆದು ಸತ್ತಿತು.

'ಬೈ...'

ನಿಜವಾಗ್ಲೂ. ಮೂರು ಚುಕ್ಕಿ ಸಮೇತ. ಎಚ್‌ಡಿಎಫ್5 ಲೈಬ್ರರಿ ಬರೆದ ಯಾರೋ ಒಬ್ಬರ ರಸಿಕತೆ. ಅವಳು ಮೊದಲು ನಕ್ಕಳು, ಆಮೇಲೆ ಕಣ್ಣಲ್ಲಿ ನೀರು. ಊಟ ಮಾಡಿ ಮಲಗು ಅಂದೆ. ಮಲಗಲಿಲ್ಲ.

ಆ ಎಚ್ಚರಿಕೆ ಹೇಳಿದ್ದು: ಹೆಡರ್‌ಗಳು 1.10.5, ಲೈಬ್ರರಿ 1.10.6, ಎರಡೂ ಹೊಂದಲ್ಲ. ನಾವು ಕಟ್ಟಿದ್ದು 1.10.5. ಹಾಗಾದ್ರೆ ಈ 1.10.6 ಎಲ್ಲಿಂದ ಬಂತು? ನಾವು ತಂದೇ ಇಲ್ಲ. ಮನೇಲಿ ಇಲ್ಲದೋರು ಬಂದು ಊಟಕ್ಕೆ ಕೂತಿದಾರೆ.

ನೆಟ್‌ನಲ್ಲಿ ಕೇಳಿದ್ರೆ ಎಲ್ಲ ಅಳಿಸಿ ಮತ್ತೆ ಕಟ್ಟಿ ಅಂತಾರೆ. ಎರಡು ದಿನದ ಕೆಲಸ. ಅದಕ್ಕೆ ಮೊದಲು, ಈ ಪ್ರೋಗ್ರಾಂ ಓಡೋವಾಗ ಯಾವ ಲೈಬ್ರರಿಯನ್ನ ಎಲ್ಲಿಂದ ಎತ್ಕೊಳ್ತಿದೆ ಅಂತ ಕೇಳ್ಬೇಕು. ಅದಕ್ಕೊಂದು ಕಮಾಂಡ್ ಇದೆ, ಎಲ್‌ಡಿಡಿ. ಹೊಡೆದ್ಲು. ಎಚ್‌ಡಿಎಫ್5 ಎದುರಿಗೆ ಕಂಡಿದ್ದು ನಾವು ಕಟ್ಟಿದ ಫೋಲ್ಡರ್ ಅಲ್ಲ, ಅನಕೊಂಡಾ. ಬಿಎಸ್ಸಿಯಲ್ಲಿದ್ದಾಗ, 2021ರಲ್ಲಿ, ಪೈಥಾನ್ ಕೋರ್ಸಿಗೆ ಅಂತ ಹಾಕಿಸಿದ್ದು. ಆ ಕೋರ್ಸಿನ ಹ್ಯಾಂಡೌಟ್ ಹೇಳಿದ ಹಾಗೆ ಬ್ಯಾಷ್-ಆರ್‌ಸಿ ಫೈಲಲ್ಲಿ ಒಂದು ಸಾಲು ಸೇರಿತ್ತು: ಲೈಬ್ರರಿ ಹುಡುಕೋವಾಗ ಮೊದಲು ಅನಕೊಂಡಾ ಫೋಲ್ಡರಿಗೆ ಹೋಗು. ಉಬುಂಟು ಅಪ್‌ಗ್ರೇಡ್ ಆಯ್ತು, ಹೋಮ್ ಫೋಲ್ಡರ್ ಹಾಗೇ ಉಳೀತು, ಆ ಸಾಲೂ ಉಳೀತು. ಎರಡು ಲೈಬ್ರರಿಗಳ ಫೈಲ್ ಹೆಸರು ಒಂದೇ, ಕೊನೇ ಅಂಕಿ 103 ಕೂಡ ಒಂದೇ, ಹಾಗಾಗಿ ಲೋಡರ್‌ಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಕಂಪೈಲ್ ಆಗೋವಾಗ ಒಬ್ಬರ ಜೊತೆ ನಿಶ್ಚಿತಾರ್ಥ, ಓಡೋವಾಗ ಮಂಟಪದಲ್ಲಿ ಅದೇ ಹೆಸರಿನ ಬೇರೆಯವರು. ಎಚ್‌ಡಿಎಫ್5 ಗುರುತು ಹಿಡಿದು 'ಬೈ' ಅಂದಿದ್ದು ದೊಡ್ಡ ಉಪಕಾರ. ಸುಮ್ಮನೆ ಓಡಿ ತಪ್ಪು ಅಂಕಿ ಬರೆದಿದ್ರೆ ಯಾರಿಗೆ ಗೊತ್ತಾಗ್ತಿತ್ತು?

ಸಾಲಿನ ಮುಂದೆ ಒಂದು ಹ್ಯಾಷ್ ಹಾಕಿದ್ಲು, ಹೊಸ ಟರ್ಮಿನಲ್ ತೆರೆದ್ಲು, ಪ್ರಾಂಪ್ಟ್‌ನಲ್ಲಿ 'ಬೇಸ್' ಅಂತ ಕಾಣ್ತಿದ್ದಿದ್ದು ಹೋಗೋ ಹಾಗೆ ಕೊಂಡಾ ನಿಲ್ಲಿಸಿದ್ಲು, ನಮ್ಮ ಫೋಲ್ಡರಿನ ದಾರಿ ಕೊಟ್ಲು. ಏನನ್ನೂ ಮತ್ತೆ ಕಂಪೈಲ್ ಮಾಡೋ ಅಗತ್ಯ ಬೀಳಲಿಲ್ಲ. ರಾತ್ರಿ ಎರಡೂವರೆಗೆ ಜಿಯೋಗ್ರಿಡ್ ಭೂಪಟ ಬರೀತು. ಪಶ್ಚಿಮ ಘಟ್ಟದ ಎತ್ತರಗಳು ಬಣ್ಣಬಣ್ಣವಾಗಿ ಪರದೆ ಮೇಲೆ ಬಂದಾಗ ಅವಳು ಮೊದಲು ಹುಡುಕಿದ್ದು ಮಾದಾಪುರ.

ನಿಜವಾದ ಓಟ ಮುಂದಿನ ವೀಕೆಂಡಿಗೆ. 150 ಅಡ್ಡ, 150 ಉದ್ದ ಚೌಕಗಳು, ಒಂದೊಂದು 9 ಕಿಲೋಮೀಟರ್. ಕಿಲೋಮೀಟರಿನ ಆರು ಪಟ್ಟು ಸೆಕೆಂಡು ಅನ್ನೋದು ಇಲ್ಲಿನ ರೂಢಿ ಲೆಕ್ಕ, ಹಾಗಾಗಿ 54 ಸೆಕೆಂಡಿಗೆ ಒಂದು ಹೆಜ್ಜೆ. ಮೂರು ದಿನದ ಹವಾಮಾನಕ್ಕೆ 4,800 ಹೆಜ್ಜೆ. 1922ರಲ್ಲಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಇದೇ ಥರದ ಲೆಕ್ಕವನ್ನ ಕೈಯಲ್ಲಿ ಮಾಡಿ ಪ್ರಕಟಿಸಿದ್ದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನಲ್ಲಿ ಆಂಬುಲೆನ್ಸ್ ಓಡಿಸ್ತಾ, ಬಿಡುವಲ್ಲಿ ಕೂತು ಮಾಡಿದ ಲೆಕ್ಕ, ಬರೀ ಆರು ಗಂಟೆಯ ಹವಾಮಾನಕ್ಕೆ. ಗಾಳಿಯ ಒತ್ತಡ ಆರು ಗಂಟೇಲಿ 145 ಮಿಲಿಬಾರ್ ಏರುತ್ತೆ ಅಂತ ಬಂತು, ಚಂಡಮಾರುತದಲ್ಲೂ ಆಗದಷ್ಟು. ಆದ್ರೂ ಮುಚ್ಚಿಡದೆ ಪುಸ್ತಕದಲ್ಲಿ ಹಾಕಿದ್ರು. ನಮ್ಮ ಲ್ಯಾಪ್‌ಟಾಪ್ ಮೊದಲ ಯತ್ನದಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಅಂದು ಬಿತ್ತು. ಸ್ಟ್ಯಾಕ್ ಮಿತಿ ತೆಗೆದ್ರೆ ಸರಿಹೋಗೋ ಮಾಮೂಲಿ ತೊಂದರೆ ಅದು. ಆಮೇಲೆ ರಾತ್ರಿಯಿಡೀ ಓಡಿತು.

ಎರಡನೇ ಓಟಕ್ಕೆ ಆ ಸಂಖ್ಯೆ ಬದಲಾಯಿಸಬೇಕಿತ್ತು. ಫೈಲ್ ತೆರೆದು 100 ಇದ್ದಲ್ಲಿ 300 ಮಾಡಿದ್ಲು, ಮತ್ತೆ ಕಂಪೈಲ್ ಒತ್ತಿದ್ಲು. ಈ ಸಲ ಒಂದೂಮುಕ್ಕಾಲು ಗಂಟೆ ಆಗಲಿಲ್ಲ. ಯಾವ ಫೈಲ್ ಬದಲಾಗಿದೆ, ಯಾವುದು ಅದನ್ನ ನಂಬಿದೆ ಅಂತ ಮೇಕ್ ನೋಡ್ಕೊಂಡು ಅಷ್ಟನ್ನೇ ಕಟ್ಟಿತು, ಕೆಲವೇ ನಿಮಿಷ. ಎರಡು ವಾರ ಅವಳನ್ನ ಅಳಿಸಿದ ವ್ಯವಸ್ಥೆ ಅದೇ.

ಮೂರನೇ ವೀಕೆಂಡ್ ಅವಳ ಜೊತೆ ನಾನೂ ಊರಿಗೆ ಹೋದೆ. ಊಟ ಆದ ಮೇಲೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಭಾವನಿಗೆ ನಕ್ಷೆ ತೋರಿಸಿದ್ಲು. ಮನೆ ಇರೋ ಚೌಕ, ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೆ 24 ಗಂಟೆ. ಸಮುದ್ರದ ಗಾಳಿ ಅಂದುಕೊಂಡ್ರೆ 131 ಮಿಲಿಮೀಟರ್. ನೆಲದ ಗಾಳಿ ಅಂದುಕೊಂಡ್ರೆ 118, ಮಳೆಯ ದಟ್ಟ ಭಾಗ ಸ್ವಲ್ಪ ಪೂರ್ವಕ್ಕೆ ಸರಿದಿದೆ.

'ಇಂಚಲ್ಲಿ ಹೇಳು' ಅಂದ್ರು ಭಾವ.

'ಐದು ಇಂಚು ಹದಿನಾರು ಸೆಂಟು. ಇನ್ನೊಂದು ನಾಲ್ಕು ಅರವತ್ತೈದು.'

ಭಾವ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. 'ಅಷ್ಟಕ್ಕೆಲ್ಲ ನಮ್ಮ ಗುಡ್ಡ ಜಾರಲ್ಲಮ್ಮ' ಅಂದು ಒಳಗೆ ಹೋಗಿ ಡೈರಿ ತಂದ್ರು. ಆ ದಿನದ ಎದುರು ಒಂಬತ್ತು ಇಂಚು ನಲವತ್ತು ಸೆಂಟು. 239 ಮಿಲಿಮೀಟರ್.

ಇವಳು ಸೋತ ಮುಖ ಮಾಡ್ತಾಳೆ ಅಂದ್ಕೊಂಡಿದ್ದೆ. ಮಾಡ್ಲಿಲ್ಲ. ಅಪ್ಪನಿಗೆ ವಿವರಿಸೋಕೆ ಶುರು ಮಾಡಿದ್ಲು: ನಿಮ್ಮ ಕೊಳವೆ ಅಂಗೈಯಷ್ಟು ಜಾಗದ ಮಳೆ ಹಿಡಿಯುತ್ತೆ, ನನ್ನ ಚೌಕ 81 ಚದರ ಕಿಲೋಮೀಟರಿಗೆ ಒಂದೇ ಅಂಕಿ ಕೊಡುತ್ತೆ, ಅದರೊಳಗಿನ ಗುಡ್ಡ ಕಣಿವೆ ಎಲ್ಲ ಸವರಿ ಸಪಾಟಾಗಿರುತ್ತೆ, 3 ಕಿಲೋಮೀಟರಿಗೆ ಇಳಿಸಿದ್ರೆ ಗುಡ್ಡ ಗುಡ್ಡದ ಹಾಗೆ ಕಾಣುತ್ತೆ, ಆದ್ರೆ ಹೆಜ್ಜೆ 18 ಸೆಕೆಂಡಾಗುತ್ತೆ, ಈ ಲ್ಯಾಪ್‌ಟಾಪಲ್ಲಿ ಎಷ್ಟು ದಿನ ಬೇಕೋ. ಭಾವ ಗಮನವಿಟ್ಟು ಕೇಳಿದ್ರು. ಆಮೇಲೆ, 'ನನ್ನ ಅಂಕಿ ನಿನ್ನ ಪುಸ್ತಕದಲ್ಲಿ ಹಾಕ್ತೀಯಾ?' ಅಂತ ಕೇಳಿದ್ರು.

ಹಾಕಿದ್ಲು. ಮಾದರಿ ಎಷ್ಟು ಕಮ್ಮಿ ಹೇಳ್ತು ಅನ್ನೋ ಕೋಷ್ಟಕದಲ್ಲಿ, 'ಖಾಸಗಿ ಮಳೆಮಾಪಕ, ಮಾದಾಪುರ ಸಮೀಪ' ಅಂತ. ಪ್ರಾಜೆಕ್ಟ್ ಒಪ್ಪಿಸಿದ್ದು ಕೊನೇ ದಿನಕ್ಕೆ ಎರಡು ದಿನ ಮೊದಲು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಆ ಸಾಲಿನ ಮೇಲೇ ಹದಿನೈದು ನಿಮಿಷ ಕೇಳಿದ್ರಂತೆ.

ಈಗ ಡೈರಿಗಳೆಲ್ಲ ಅವಳ ಹತ್ತಿರ ಇವೆ, 1987ರಿಂದ ಈಚೆಗಿನವು, ಒಂದು ರಟ್ಟಿನ ಪೆಟ್ಟಿಗೆ ತುಂಬ. ದಿನಾ ಸಂಜೆ ಒಂದಿಷ್ಟು ಪುಟ ಎಕ್ಸೆಲ್‌ಗೆ ಹಾಕ್ತಾಳೆ, 25.4ರಿಂದ ಗುಣಿಸಿ. ಕೆಲವು ವರ್ಷಗಳ ಜುಲೈ ಪುಟಗಳಲ್ಲಿ ನೀರು ಬಿದ್ದು ಶಾಯಿ ಹರಡಿದೆ. 1 ಯಾವುದು 7 ಯಾವುದು ಗೊತ್ತಾಗಲ್ಲ. ಅಂಥ ಪುಟದ ಫೋಟೋ ತೆಗೆದು ಅಪ್ಪನಿಗೆ ಕಳಿಸ್ತಾಳೆ, ಅವರು ಕನ್ನಡಕ ಹಾಕ್ಕೊಂಡು ನೋಡಿ ಫೋನ್ ಮಾಡಿ ಹೇಳ್ತಾರೆ.